ಹೊಗೆರಾಯನಿಗೊಂದು ಅಡಿಟಿಪ್ಪಣಿ

ಜನವರಿ 9

ಹೊಗೆರಾಯರಿಗೆ,

ಒಂದು ಸುದ್ದಿ ಇದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ಅತ್ತೆಯ ಮಾತ್ರೆ, ಬಚ್ಚಲಿನ ಗೀಸರ್, ನಿನ್ನ ಶಿಫ್ಟು, ಇಷ್ಟರಲ್ಲೇ ನಮ್ಮ ಮಾತು ಮುಗಿದುಹೋಗುತ್ತದೆ. ಹನ್ನೊಂದು ವರ್ಷದಿಂದ ಮುಖ್ಯವಾದದ್ದನ್ನೆಲ್ಲ ಕಾಗದದ ಮೇಲೇ ಹೇಳಿಕೊಂಡು ಬಂದಿದ್ದೇವೆ, ಇದೂ ಹಾಗೇ ಇರಲಿ.

ನಮ್ಮ ನೀತಿ ಅಧ್ಯಯನ ಸಂಸ್ಥೆಯಲ್ಲಿ ಇಂಧನ ಪರಿವರ್ತನೆಯ ಕೆಲಸಕ್ಕೆ ನನ್ನನ್ನು ಮುಖ್ಯಸ್ಥೆ ಮಾಡಿದ್ದಾರೆ. ಆರು ಜನರ ತಂಡ, ಕಿಟಕಿ ಇರುವ ಕೋಣೆ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಕಲ್ಲಿದ್ದಲು ಸುಡುವ ಏಳು ವಿದ್ಯುತ್ ಸ್ಥಾವರಗಳನ್ನು ಯಾವ ಕ್ರಮದಲ್ಲಿ ಮುಚ್ಚಬೇಕು, ಅವುಗಳ ಜಾಗಕ್ಕೆ ಬಿಸಿಲು ಮತ್ತು ಗಾಳಿಯ ವಿದ್ಯುತ್ತು ಯಾವಾಗ ಬರಬೇಕು, ಅಲ್ಲಿನ ಜನರ ಗತಿ ಏನು ಎಂದು ಆಗಸ್ಟಿನೊಳಗೆ ಬರೆದು ಸರ್ಕಾರದ ಕೈಗೆ ಕೊಡಬೇಕು. ನಾವು ಕೊಟ್ಟ ಪಟ್ಟಿಯನ್ನೇ ಒಪ್ಪಿಕೊಳ್ಳುವುದಾಗಿ ಅವರು ಹೇಳಿದ್ದಾರೆ.

ಏಳರಲ್ಲಿ ಒಂದು ನಿನ್ನದು. ನಿರ್ದೇಶಕರ ಕೋಣೆಗೆ ಹೋಗಿ, "ಒಂದರಲ್ಲಿ ನನ್ನ ಗಂಡ ಶಿಫ್ಟ್ ಮುಖ್ಯಸ್ಥ, ಸರ್" ಎಂದೆ. ಅವರು ಕನ್ನಡಕ ಒರೆಸಿಕೊಂಡು, "ಆ ಸ್ಥಾವರದ ಮಾತು ಬಂದಾಗ ನೀವು ಎದ್ದು ಹೊರಗೆ ಹೋಗಿಬಿಡಿ. ಮನೇಲೂ ಆ ವಿಷಯ ಬೇಡ" ಎಂದರು. "ಮನೆ ಎರಡಿದೆ ಸರ್" ಎಂದೆ. "ಎರಡರಲ್ಲೂ ಬೇಡ" ಎಂದರು.

ಹಾಗಾಗಿ ನಿಯಮ ಇದು: ನೀನು ಕೇಳಬಾರದು, ನಾನು ಹೇಳಬಾರದು. ಕೊನೆಯ ಯೂನಿಟ್ ನಿಲ್ಲುವವರೆಗೂ ಅಲ್ಲಿಂದ ಕದಲುವುದಿಲ್ಲ ಎಂದು ನಿನ್ನ ಜೊತೆಗಾರರಿಗೆ ಮಾತು ಕೊಟ್ಟವನು ನೀನು. ಆ ಮಾತಿಗೆ ನಾನು ಯಾವತ್ತೂ ಅಡ್ಡ ಬಂದಿಲ್ಲ,* ಈಗಲೂ ಬರುವುದಿಲ್ಲ.

ನಿನ್ನವಳು

* ಮದುವೆಯಾದ ಮೇಲೆ ಹದಿಮೂರು ವರ್ಷ ಜೊತೆಗಿದ್ದಾಗ ಬೇರೆ ಮಾತುಗಳಿಗೆ ಬಂದಿದ್ದೇನೆ, ಒಪ್ಪುತ್ತೇನೆ.


ಜನವರಿ 27

ಮಾನ್ಯ ಅಡಿಟಿಪ್ಪಣಿಯವರಿಗೆ,

ಗಂಡನಿಗೆ ಬರೆಯುವ ಕಾಗದಕ್ಕೂ ನಕ್ಷತ್ರ ಹಾಕಿ ಕೆಳಗೆ ಟಿಪ್ಪಣಿ ಬರೆಯುವವಳನ್ನು ಮುಖ್ಯಸ್ಥೆ ಮಾಡದೆ ಇನ್ನೇನು ಮಾಡುತ್ತಾರೆ? ತುಂಬಾ ಖುಷಿಯಾಯಿತು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕುಡಿಸಬೇಕು ಅನ್ನಿಸಿತು. ಆಮೇಲೆ ನೆನಪಾಯಿತು, ಯಾಕೆ ಅಂತ ಹೇಳಿದರೆ ಆ ಟೀ ನನ್ನ ತಲೆಯ ಮೇಲೇ ಬೀಳುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಒಬ್ಬನೇ ಕುಡಿದೆ.

ಸ್ಥಾವರದ ಬಗ್ಗೆ ಕೇಳುವುದಿಲ್ಲ. ಊರಿನ ಸುದ್ದಿ ಬರೆಯಬಹುದಲ್ಲ?

ಇವತ್ತು ರಕ್ತದೊತ್ತಡ ನೋಡಿಸಿಕೊಳ್ಳಲು ಸ್ಥಾವರದವರೇ ನಡೆಸುವ ನಮ್ಮ ಆಸ್ಪತ್ರೆಗೆ ಹೋಗಿದ್ದೆ. ಎಂಟು ಹಾಸಿಗೆ, ಒಬ್ಬ ಡಾಕ್ಟರು. ಸುತ್ತ ನಲವತ್ತು ಕಿಲೋಮೀಟರಿನಲ್ಲಿ ಇರುವುದು ಇದೊಂದೇ. ತೂಕದ ಯಂತ್ರ ಎರಡು ಕಿಲೋ ಹೆಚ್ಚು ತೋರಿಸುತ್ತದೆ. ಅದನ್ನು ರಿಪೇರಿ ಮಾಡಿಸುವ ಬದಲು ನರ್ಸಮ್ಮ ಎಲ್ಲರಿಗೂ ಬಾಯಲ್ಲೇ ಎರಡು ಕಳೆದು ಹೇಳುತ್ತಾರೆ. "ಹೆದರ್ಬೇಡಿ, ಅದು ನಿಮ್ಮ ತೂಕ ಅಲ್ಲ, ಮಷೀನ್‌ದು" ಎನ್ನುತ್ತಾರೆ. ನನ್ನ ಸರದಿ ಮುಗಿದ ಮೇಲೂ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಇಪ್ಪತ್ತಾರು ವರ್ಷ ಇಲ್ಲಿದ್ದು ಆ ಬೆಂಚಿನ ಮೇಲೆ ಒಂದು ಸಲವೂ ಕೂತಿರಲಿಲ್ಲ.

ಅಮ್ಮನಿಗೆ ಹೇಳು, ಒತ್ತಡ ಸರಿಯಾಗಿದೆ ಅಂತ.

ಹೊಗೆರಾಯ


ಮಾರ್ಚ್ 3

ಪ್ರಿಯ ಅಡಿಟಿಪ್ಪಣಿ,

ನಿನ್ನಿಂದ ಕಾಗದವಿಲ್ಲ. ಕೆಲಸ ಜಾಸ್ತಿ ಇರಬೇಕು. ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಮ್ಮ ಟರ್ಬೈನು ತಣಿಸಿ ಹೊರಗೆ ಬಿಡುವ ನೀರಿನ ಕಾಲುವೆ ನೆನಪಿದೆಯಾ? ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಸಂಜೆ ರಿಟೈರಾದವರೆಲ್ಲ ಸಾಲಾಗಿ ಕೂತು ಅದರಲ್ಲಿ ಕಾಲು ಇಳಿಬಿಡುತ್ತಾರೆ. ನನಗೆ ಕೆಲಸ ಕಲಿಸಿದ ಬಾಯ್ಲರ್ ಫಿಟ್ಟರ್ ಭಾವ (ನನಗಷ್ಟೇ ಅಲ್ಲ, ಇಡೀ ಕಾಲೊನಿಗೆ ಅವರು ಭಾವ) ಇನ್ನೂ ಡ್ಯೂಟಿಯಲ್ಲಿದ್ದರೂ ಶಿಫ್ಟು ಮುಗಿದ ಕೂಡಲೇ ಅಲ್ಲಿರುತ್ತಾರೆ. ನಾನು ಯಾವಾಗಲೂ ಸೇತುವೆ ಮೇಲಿಂದಲೇ ಕೈಬೀಸಿ ಹೋಗುತ್ತಿದ್ದೆ. ಮೊನ್ನೆ ಇಳಿದು ಹೋಗಿ ಬೂಟು ಕಳಚಿ ಕೂತೆ. "ಏನೋ, ಇವತ್ತು ದಾರಿ ತಪ್ತಾ?" ಎಂದರು.

ಬೆಳಗ್ಗೆ ಆರೂವರೆಯ ಸೈರನ್ನಿಗೆ ನಾವು ಒಳಗೆ ಹೋಗುತ್ತೇವೆ, ಎಂಟರದಕ್ಕೆ ಮಕ್ಕಳು ಸ್ಕೂಲಿಗೆ ಓಡುತ್ತವೆ. ಕಾಲೊನಿಯ ನಾನೂರು ಮನೆಗಳ ಗಡಿಯಾರ ಅದೇ. ಕಂಟ್ರೋಲ್ ರೂಮಿನಲ್ಲಿ ಮೂರನೇ ಯೂನಿಟ್ಟಿನ ಒಂದು ಹಿತ್ತಾಳೆಯ ಗುಂಡಿಯ ಅಂಚು ನಮ್ಮೆಲ್ಲರ ಹೆಬ್ಬೆರಳು ತಾಗಿ ಸವೆದು ನುಣುಪಾಗಿದೆ. ಇಷ್ಟು ದಿನ ಅದನ್ನು ತಿರುಗಿಸಿದ್ದೇನೆ, ನೋಡಿರಲಿಲ್ಲ.

ಹೊಗೆರಾಯ


ಏಪ್ರಿಲ್ 2

ಹೊಗೆರಾಯರಿಗೆ,

ಎರಡು ಕಾಗದಕ್ಕೆ ಒಂದೇ ಉತ್ತರ, ಬೈಯಬೇಡ. ಸಂಜೆ ಏಳು ಗಂಟೆ ನಮ್ಮ ತಂಡದ ಶತ್ರುವಾಗಿಬಿಟ್ಟಿದೆ. ಬಿಸಿಲು ಮನೆಗೆ ಹೋಗಿರುತ್ತದೆ, ಗಾಳಿ ಇನ್ನೂ ಬಂದಿರುವುದಿಲ್ಲ, ಅಷ್ಟರಲ್ಲಿ ಊರೆಲ್ಲ ದೀಪ ಹಾಕುತ್ತದೆ. ಏಳರಿಂದ ಒಂಬತ್ತರವರೆಗೆ ನಡೆಸಲು ಎಷ್ಟು ಬ್ಯಾಟರಿ ಬೇಕು ಎಂದು ದಿನವಿಡೀ ಜಗಳ. ನಾನು ಮುಖ್ಯಸ್ಥೆ ಅಂದರೆ ಜಗಳ ಬಿಡಿಸುವವಳು, ಅಷ್ಟೇ.

ನಿನ್ನ ಕಾಗದಗಳನ್ನು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡುತ್ತೇನೆ. ಹದಿನಾಲ್ಕು ಜನ ತಜ್ಞರ ಟಿಪ್ಪಣಿಗಳಲ್ಲಿ ಇಲ್ಲದ್ದು ಇವುಗಳಲ್ಲಿದೆ. ಈ ಸಾಲುಗಳನ್ನು ಎಲ್ಲಾದರೂ ಬಳಸಿಕೊಳ್ಳಲಾ? ನಿನ್ನ ಹೆಸರಾಗಲಿ ಊರಾಗಲಿ ಬರುವುದಿಲ್ಲ. ಇನ್ನೂ ಬರೆ.

ಬೀರುವಿನಲ್ಲಿ ನಿನ್ನ ಭಾಗದಲ್ಲಿ ಅತ್ತೆಯ ಕಂಬಳಿಗಳು ಸೇರಿಕೊಂಡಿವೆ. ನೀನು ಬಂದರೆ ಜಾಗ ಮಾಡಬಹುದು.

ನಿನ್ನವಳು


ಏಪ್ರಿಲ್ 20

ಪ್ರಿಯ ಅಡಿಟಿಪ್ಪಣಿ,

ನನ್ನ ಸಾಲುಗಳಿಗೆ ಅನುಮತಿ ಕೇಳುತ್ತೀಯಲ್ಲ! ಯಾವುದಾದರೂ ಭಾಷಣಕ್ಕೆ ಬೇಕಿದ್ದರೆ ಧಾರಾಳವಾಗಿ ತೆಗೆದುಕೋ, ಎಲ್ಲ ನಿನ್ನವೇ.

ಸೈಕಲ್ಲನ್ನು ಸ್ಕೂಲಿನ ವಾಚ್‌ಮನ್ನಿಗೆ ಕೊಟ್ಟುಬಿಟ್ಟೆ. ಮಂಡಿ ನೋವು. ಕ್ವಾರ್ಟರ್ಸಿಗೆ ಸುಣ್ಣ ಬಳಿಯಲು ಬಂದಿದ್ದರು, ಈ ವರ್ಷ ಬೇಡ ಎಂದು ಕಳಿಸಿದೆ. ಊರಿನ ಸುದ್ದಿ ಇನ್ನೂ ನಾಲ್ಕು ಪುಟ ಜೊತೆಗಿಟ್ಟಿದ್ದೇನೆ, ಪಂಪ್‌ಹೌಸಿನದು, ಸ್ಕೂಲಿನದು. ಬರೆಯಲು ಕೂತರೆ ನಿಲ್ಲುವುದಿಲ್ಲ.

ಹೊಗೆರಾಯ


ಜುಲೈ 14

ಹೊಗೆರಾಯರಿಗೆ,

ಇವತ್ತು ಕೊನೆಯ ಸಭೆ ಮುಗಿಯಿತು. ಪಟ್ಟಿಯಲ್ಲಿ ಏನಿದೆ ಎಂದು ಹೇಳುವುದಿಲ್ಲ, ನಡೆದದ್ದಷ್ಟೇ ಹೇಳುತ್ತೇನೆ. ನಿನ್ನ ಸ್ಥಾವರದ ಸರದಿ ಬಂದಾಗ ಎದ್ದು ಕಾರಿಡಾರಿಗೆ ಬಂದೆ. ನೀರಿನ ಫಿಲ್ಟರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಐವತ್ತು ನಿಮಿಷ ಕೂತಿದ್ದೆ. ಬಾಗಿಲಿನ ಗಾಜಿನಲ್ಲಿ ಅವರ ಬಾಯಿಗಳು ಕಾಣುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಆಮೇಲೆ ಒಳಗೆ ಕರೆದು ತೀರ್ಮಾನ ತಿಳಿಸಿದರು.

ನಾನು ಹೊರಗಿದ್ದೆ, ನಿನ್ನ ಕಾಗದಗಳು ಒಳಗಿದ್ದವು. ಸ್ಥಾವರಗಳ ಸುತ್ತಲಿನ ಜನರ ಬಗೆಗಿನ ಆರನೇ ಅಧ್ಯಾಯದಲ್ಲಿ "ನಿವಾಸಿಯೊಬ್ಬರ ಪತ್ರಗಳಿಂದ" ಎಂದು ಹಾಕಿದ್ದೇನೆ. ಬಳಸಿಕೋ ಅಂದಿದ್ದೆಯಲ್ಲ.

ಆಗಸ್ಟಿನಲ್ಲಿ ಅಚ್ಚಾಗಿ ಬರುತ್ತದೆ. ಓದಿದರೆ ನಿನ್ನ ಮುಖ ಅರಳುತ್ತದೆ. ಅದನ್ನು ನೋಡಲು ನಾನು ಅಲ್ಲಿರಬೇಕಿತ್ತು ಅನ್ನಿಸುತ್ತಿದೆ. ತುಂಬಾ ಅನ್ನಿಸುತ್ತಿದೆ.

ನಿನ್ನವಳು


ಜುಲೈ 21

ಪ್ರಿಯ ಅಡಿಟಿಪ್ಪಣಿ,

ನಿನ್ನ ಕಾಗದವನ್ನು ಆರು ಸಲ ಓದಿದೆ. "ಮುಖ ಅರಳುತ್ತದೆ" ಎನ್ನುವ ಸಾಲನ್ನು ಇನ್ನೂ ಹೆಚ್ಚು ಸಲ. ಈಗಲೇ ಅರಳಿದೆ. ಶಿಫ್ಟಿನಲ್ಲಿ ಒಬ್ಬ, "ಏನ್ ಸಾರ್, ಒಬ್ಬೊಬ್ಬರೇ ನಗ್ತಾ ಇದ್ದೀರಾ?" ಎಂದು ಕೇಳಿದ. ನಾನೂ ನಿಯಮ ಮುರಿಯುವುದಿಲ್ಲ, ಏನೂ ಕೇಳುವುದಿಲ್ಲ.

ಒಂದೇ ಮಾತು. ಬಚ್ಚಲಿನ ಗೀಸರ್‌ಗೆ ಯಾರನ್ನೂ ಕರೆಸಬೇಡ. ನಾನೇ ಬಂದು ನೋಡುತ್ತೇನೆ.

ನಿನ್ನ ಹೊಗೆರಾಯ


ಆಗಸ್ಟ್ 22

ಪ್ರಿಯೆ,

ವರದಿ ತಲುಪಿತು. ನಮ್ಮ ಸ್ಥಾವರ ಪಟ್ಟಿಯಲ್ಲಿ ಏಳನೆಯದು. ಒಂಬತ್ತು ವರ್ಷದ ನಂತರ ಮುಚ್ಚಬೇಕು ಎಂದಿದೆ. ಇಲ್ಲಿ ಎಲ್ಲರಿಗೂ ಸಂತೋಷವಾಗಿದೆ, ಕ್ಯಾಂಟೀನಿನಲ್ಲಿ ಚಪ್ಪಾಳೆ ತಟ್ಟಿದರು. ಆರನೇ ಅಧ್ಯಾಯ ಚೆನ್ನಾಗಿ ಬಂದಿದೆ.

ಗೀಸರ್‌ಗೆ ಅಲ್ಲೇ ಯಾರನ್ನಾದರೂ ಕರೆಸು.

ಇಂತಿ


ಸೆಪ್ಟೆಂಬರ್ 6

ಹೊಗೆರಾಯ,

"ಇಂತಿ" ಅಂತೆ. ಇಂತಿ ಏನು? ಕಚೇರಿಗೆ ಬರೆದ ಹಾಗೆ ಬರೆದಿದ್ದೀಯ. ಒಂದು ವಾರ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಇಷ್ಟೆಲ್ಲ ಮಾಡಿದರೂ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ಅತ್ತೆಯ ಮುಂದೆ ಹೇಳಿಯೂಬಿಟ್ಟೆ.

ಅವರು ವರದಿ ತರಿಸಿಕೊಂಡು ಆರನೇ ಅಧ್ಯಾಯವನ್ನು ಭೂತಗನ್ನಡಿ ಹಿಡಿದು ಮಧ್ಯಾಹ್ನವೆಲ್ಲ ಓದಿದರು. ಓದಿ ಮುಗಿಸಿ, "ಇದು ನನ್ನ ಮಗ ಬರೆದಿದ್ದು" ಎಂದರು. ಹೌದು ಎಂದೆ. "ಅವನು ಹೊರಡೋಕೆ ತಯಾರಾಗಿದ್ದ, ನಿಂಗೆ ಗೊತ್ತಾಗ್ಲಿಲ್ವಾ? ಹನ್ನೆರಡನೇ ವಯಸ್ಸಿಗೆ ಹಾಸ್ಟೆಲಿಗೆ ಹೋಗೋವಾಗ್ಲೂ ಹೀಗೇ ಮಾಡಿದ್ದ. ಮನೇಲಿದ್ದ ಒಂದೊಂದು ಪಾತ್ರೆ ಬಗ್ಗೆನೂ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ" ಎಂದರು. ಆಮೇಲೆ ಇನ್ಹೇಲರ್ ಎಳೆದುಕೊಂಡು ಇನ್ನೊಂದು ಮಾತು ಕೇಳಿದರು. "ಆ ಬೂದಿಗೆ ಉಸಿರು ಕಟ್ಟಿ ತಾನೇ ನಾನು ನಿನ್ನ ಜೊತೆ ಬಂದಿದ್ದು? ಅದು ಎಲ್ಲಿದೆ ಇದ್ರಲ್ಲಿ?"

ಹನ್ನೊಂದು ವರ್ಷದಿಂದ ನನ್ನ ಪಕ್ಕದ ಕೋಣೆಯಲ್ಲಿ ಆ ಕೆಮ್ಮು ಕೇಳುತ್ತಿದ್ದೇನೆ. ಆದರೂ ಬರೆಯುವಾಗ ನೆನಪಾಗಲಿಲ್ಲ.

ಪಟ್ಟಿ ಹೊರಬಂದಿದೆ, ಇನ್ನು ನಿಯಮವಿಲ್ಲ. ಅವರು ಹೇಳಿದ್ದು ನಿಜವಾ? ನೇರವಾಗಿ ಹೇಳು.


ಸೆಪ್ಟೆಂಬರ್ 19

ಅಡಿಟಿಪ್ಪಣಿ,

ಅಮ್ಮ ಹೇಳಿದ್ದು ನಿಜ.

ಏಳರಲ್ಲಿ ಅತ್ಯಂತ ಹಳೆಯದು, ಅಷ್ಟೇ ವಿದ್ಯುತ್ತಿಗೆ ಅತಿ ಹೆಚ್ಚು ಕಲ್ಲಿದ್ದಲು ತಿನ್ನುವುದು ನಮ್ಮದು. ಮೂರರಲ್ಲಿ ಎರಡು ಯೂನಿಟ್ ನಿಂತು ವರ್ಷಗಳಾದವು. ಯಾರು ಕೂತು ಪಟ್ಟಿ ಮಾಡಿದರೂ ಮೊದಲ ಸಾಲು ನಮ್ಮದೇ ಎಂದು ನಿನ್ನ ಜನವರಿಯ ಕಾಗದ ಓದಿದ ದಿನವೇ ಅಂದುಕೊಂಡೆ. ಮುಚ್ಚಿದರೆ ನನ್ನ ಮಾತು ಮುಗಿಯಿತು, ನಿನ್ನ ಹತ್ತಿರ ಬರಬಹುದು. ಅವತ್ತಿನಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿಯೊಂದನ್ನೂ ಕೊನೆಯ ಸಲ ನೋಡುತ್ತಿದ್ದೇನೆ ಎಂದು ನೋಡಿದೆ, ಹಾಗೆ ನೋಡಿದ್ದಕ್ಕೇ ಎಲ್ಲವೂ ಚೆಂದ ಕಂಡಿತು. ಬಿಟ್ಟು ಹೊರಟವನಿಗೆ ಕೆಟ್ಟ ತೂಕದ ಯಂತ್ರದ ಮೇಲೂ ಮುದ್ದು ಬರುತ್ತದೆ. ನರ್ಸಮ್ಮನ ಮುಂದೆ ಕೂತವರಲ್ಲಿ ಅರ್ಧ ಜನ ಕೆಮ್ಮಿಗೆ ಬಂದವರು. ಅದನ್ನು ಬರೆಯಲಿಲ್ಲ. ಒಣಗಲು ಹಾಕಿದ ಬಟ್ಟೆಯ ಮೇಲಿನ ಬೂದಿ ಕೊಡವುವುದನ್ನೂ ಬರೆಯಲಿಲ್ಲ. ಬೀಳ್ಕೊಡುವಾಗ ಯಾರು ಅದನ್ನೆಲ್ಲ ಎತ್ತಿ ಆಡುತ್ತಾರೆ?

ನೀನು ಅದನ್ನು ಮುಚ್ಚಬೇಡಿ ಎನ್ನುವ ನನ್ನ ಮೊರೆ ಎಂದು ಓದಿದೆ.

ಯಾಕೆ ಹೇಳಲಿಲ್ಲ ಅಂದರೆ, ನಾಚಿಕೆ. ನಾನೂರು ಮನೆಯವರು ಕೆಲಸ ಕಳೆದುಕೊಳ್ಳುವ ದಿನಕ್ಕೆ ನಾನು ಬೆರಳು ಮಡಿಸಿ ಕಾಯುತ್ತಿದ್ದೇನೆ ಎಂದು ಹೇಗೆ ಬರೆಯಲಿ? ಅವರೆಲ್ಲ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಮನೆಗೆ ಬಂದು ಕಟ್ಟಿಟ್ಟಿದ್ದ ಮೂರು ರಟ್ಟಿನ ಡಬ್ಬ ಬಿಚ್ಚಿದೆ. ಪಾತ್ರೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸುವಾಗ ಅಳು ಬಂತು. ಐವತ್ತೆರಡು ವರ್ಷದವನು, ಪಾತ್ರೆ ಹಿಡಿದುಕೊಂಡು ಅತ್ತುಬಿಟ್ಟೆ.

ಹೊಗೆರಾಯ


ಸೆಪ್ಟೆಂಬರ್ 30

ನನ್ನ ಹೊಗೆರಾಯ,

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಎರಡನ್ನೂ ಮಾಡಿ ಮುಗಿಸಿ ಬರೆಯುತ್ತಿದ್ದೇನೆ.

ಮೊದಲ ಕರಡಿನಲ್ಲಿ ನಿನ್ನ ಸ್ಥಾವರ ಮೊದಲನೆಯದೇ ಆಗಿತ್ತು. ಹದಿನೆಂಟು ತಿಂಗಳಲ್ಲಿ ಮುಚ್ಚಬೇಕು ಎಂದಿತ್ತು. ಅದನ್ನು ನೋಡಿದ ಕೂಡಲೇ ನನ್ನ ಎದೆ ಹಾರಿತು, ಖುಷಿಗೆ. ನೀನು ಬರುತ್ತೀಯ ಎಂದು. ಆ ಖುಷಿಗೇ ನಾನು ಹೆದರಿದೆ. ನನ್ನ ಆಸೆ ಈ ಪಟ್ಟಿಯೊಳಗೆ ಕೈ ಹಾಕುತ್ತಿದೆ, ನನ್ನ ಗಂಡ ಬೇಕೆಂದು ಒಂದು ಊರನ್ನು ಮುಚ್ಚಿಸಿದವಳು ನಾನಾಗಬಾರದು ಅನ್ನಿಸಿತು. ಅದಕ್ಕೇ ನಿನ್ನ ಕಾಗದಗಳನ್ನು ನನ್ನ ಆಸೆಗೆ ಎದುರಾಗಿ ತಕ್ಕಡಿಯಲ್ಲಿ ಇಟ್ಟೆ. ಅವು ಯಾರವು ಎಂದು ನಿರ್ದೇಶಕರಿಗೂ ಹೇಳಲಿಲ್ಲ. ಆಸೆಗೆ ಸೋಲಬಾರದೆಂದು ಹೋಗಿ ಇನ್ನೊಂದು ತಪ್ಪು ಮಾಡಿದೆ. ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಐವತ್ತು ನಿಮಿಷ ನಾನು ಏನು ಬೇಡಿಕೊಂಡೆ ಗೊತ್ತಾ? ಅವರು ನನ್ನ ಅಧ್ಯಾಯವನ್ನು ಒಪ್ಪದೇ ಇರಲಿ ಎಂದು.

ಮೊನ್ನೆ ನಿರ್ದೇಶಕರಿಗೆ ಎಲ್ಲ ಹೇಳಿದೆ. ಬೈದರು. ಬೈಯಬೇಕಾದಷ್ಟೇ ಬೈದರು. ಇನ್ನಿಬ್ಬರು ನಿಮ್ಮಲ್ಲಿಗೆ ಬಂದು ಹದಿನೈದು ದಿನ ಇದ್ದು, ಆಸ್ಪತ್ರೆಯನ್ನೂ ಕೆಮ್ಮನ್ನೂ ಎರಡನ್ನೂ ನೋಡಿ ಆ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಾರೆ. ಅವರು ಎರಡು ವರ್ಷ ಅನ್ನಲಿ, ಒಂಬತ್ತೇ ಅನ್ನಲಿ, ಅದರಲ್ಲಿ ನನ್ನ ಕೈ ಇರುವುದಿಲ್ಲ. ಉಳಿದ ಆರು ಸ್ಥಾವರಗಳ ಕೆಲಸ ನನ್ನದೇ.

ಅತ್ತೆ ಹೇಳುತ್ತಾರೆ: "ಆ ಸ್ಥಾವರಕ್ಕೂ ನಿಮ್ಮಿಬ್ಬರ ಸಂಸಾರಕ್ಕೂ ಗಂಟು ಹಾಕ್ದೋರು ಯಾರು? ನೀವೇ ತಾನೇ?" ಆ ಪ್ರಶ್ನೆಯನ್ನು ಹಾಗೇ ನಿನಗೆ ದಾಟಿಸುತ್ತಿದ್ದೇನೆ.

ನಿನ್ನವಳು


ಅಕ್ಟೋಬರ್ 15

ಅಡಿಟಿಪ್ಪಣಿ,

ಅಮ್ಮನ ಪ್ರಶ್ನೆ ಇಟ್ಟುಕೊಂಡು ಎರಡು ವಾರ ಓಡಾಡಿದೆ. ನಿನ್ನೆ ಕಾಲುವೆಯ ಹತ್ತಿರ ಭಾವನ ಪಕ್ಕ ಕೂತು ಎಲ್ಲ ಹೇಳಿದೆ. ಆ ಕಾಗದಗಳು ನನ್ನವು, ವರದಿ ನನ್ನ ಹೆಂಡತಿಯದು. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. "ಚೆನ್ನಾಗಿ ಬರೀತೀಯ ಕಣೋ" ಎಂದರು ಅಷ್ಟೆ. ಆಮೇಲೆ ಧೈರ್ಯ ಮಾಡಿ ಕೇಳಿದೆ.

"ಭಾವ, ನಿಮಗೆಲ್ಲ ಕೊಟ್ಟ ಮಾತಿದೆಯಲ್ಲ. ಅದನ್ನ ಬಿಟ್ಟು ನಾನು ಹೊರಟ್ರೆ ನೀವು ಏನಂತೀರಿ?"

"ಯಾವ ಮಾತು?"

"ಮೊದಲನೇ ಯೂನಿಟ್ ನಿಲ್ಲಿಸಿದ ದಿನ ಹೇಳಿದ್ನಲ್ಲ. ಕ್ಯಾಂಟೀನಲ್ಲಿ, ಎಲ್ಲರ ಮುಂದೆ. ಕೊನೇ ಯೂನಿಟ್ ನಿಲ್ಲೋವರೆಗೂ ಇಲ್ಲಿಂದ ಕದಲಲ್ಲ ಅಂತ."

ಅವರು ಕಾಲನ್ನು ನೀರಿನಿಂದ ಎತ್ತಿ ನನ್ನ ಕಡೆ ತಿರುಗಿದರು. "ಹಾಗಂದಿದ್ಯಾ? ಅವತ್ತು ಎಲ್ಲರೂ ಬೇಜಾರಲ್ಲಿ ಏನೇನೋ ಅಂದ್ರಪ್ಪ. ನಾನು ಮೀಸೆ ಬೋಳಿಸ್ತೀನಿ ಅಂದಿದ್ದೆ." ಮೀಸೆ ಸವರಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು. "ಬೇಜಾರು ಮಾಡ್ಕೋಬೇಡ. ನಾವೆಲ್ಲ ಏನಂದ್ಕೊಂಡಿದ್ವಿ ಅಂದ್ರೆ, ನಿಂಗೂ ನಿನ್ನ ಹೆಂಡ್ತಿಗೂ ಸರಿ ಇಲ್ಲ, ಅದಕ್ಕೇ ಅವಳು ಅಲ್ಲಿ, ನೀನು ಇಲ್ಲಿ ಅಂತ. ಕೇಳಿದ್ರೆ ನೋವಾಗುತ್ತೆ ಅಂತ ಯಾರೂ ಬಾಯಿ ಬಿಡ್ಲಿಲ್ಲ."

ಹನ್ನೊಂದು ವರ್ಷ ಕಣೇ. ಯಾರ ನೆನಪಿನಲ್ಲೂ ಇಲ್ಲದ ಮಾತನ್ನು ನಾನೊಬ್ಬನೇ ಹೊತ್ತುಕೊಂಡು ಕೂತಿದ್ದೆ.

ಮನೆಗೆ ಬಂದು ನಿನ್ನ ಅಷ್ಟೂ ಕಾಗದಗಳನ್ನು ನೆಲದ ಮೇಲೆ ಹರಡಿಕೊಂಡು ಓದಿದೆ. "ನೀನು ಬಂದರೆ ಜಾಗ ಮಾಡಬಹುದು." "ಬರುವುದಾದರೆ ಮೊದಲೇ ತಿಳಿಸು." "ನಿನ್ನ ಅನುಕೂಲ ನೋಡಿಕೋ." ಬಾ ಎಂದು ಒಂದು ಕಡೆಯೂ ಇಲ್ಲ. ನನ್ನ ಮಾತಿಗೆ ಅಡ್ಡ ಬರಬಾರದೆಂದು ಬರೆಯಲಿಲ್ಲವೋ, ಬೇಡವೆಂದು ಬರೆಯಲಿಲ್ಲವೋ ನನಗೆ ತಿಳಿಯುವುದಿಲ್ಲ. ಈಗ ಆ ಮಾತು ಇಲ್ಲ. ಮೂರು ತಿಂಗಳ ನೋಟಿಸ್ ಕೊಟ್ಟರೆ ಬಿಡುತ್ತಾರೆ. ನಿನಗೆ ನಾನಿಲ್ಲದೆ ಇದ್ದು ಅಭ್ಯಾಸವಾಗಿದ್ದರೆ ಅದನ್ನೂ ಬರೆ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಆದರೆ ವರದಿಯ ಭಾಷೆಯಲ್ಲಿ ಬರೆಯಬೇಡ.

ಹೊಗೆರಾಯ


ಅಕ್ಟೋಬರ್ 22

ಇವತ್ತು ರಜೆ ಹಾಕಿ ಬೆಳಗ್ಗೆಯೇ ಬರೆಯಲು ಕೂತೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪುಟ ಆಯಿತು. ಹನ್ನೊಂದು ವರ್ಷ ಯಾಕೆ ಹಾಗೆ ಬರೆದೆ ಎಂದು ಒಂದು ಪುಟ. ನನ್ನ ಸಿಡುಕು, ನಿನ್ನ ಗೊರಕೆ, ಇಬ್ಬರಿಗೂ ಮರೆತುಹೋಗಿರುವ ಮೂವರ ಅಡುಗೆಯ ಅಳತೆ, ಇದರ ಬಗ್ಗೆ ಎರಡು ಪುಟ. ನೀನು ಅಲ್ಲಿಯದನ್ನೆಲ್ಲ ಬಿಟ್ಟು ಬಂದು ಇಲ್ಲಿ ಸೊರಗಿದರೆ ಏನು ಗತಿ ಎಂದು ಇನ್ನೊಂದು. ಒಂದೊಂದು ಪುಟದಲ್ಲೂ "ಆದರೆ" ಇತ್ತು. ಅತ್ತೆ ಬಂದು ಇಣುಕಿ, "ಇಷ್ಟುದ್ದ ಏನಮ್ಮಾ ಬರೀತಿದ್ದೀಯ, ಇದೂ ಸರ್ಕಾರಕ್ಕಾ?" ಎಂದರು.

ನಾಲ್ಕೂ ಪುಟ ಹರಿದು ಹಾಕಿದೆ.

ಬಾ.